ಅಡ್ಡಹೆಸರಿನ ಹಿಂದಿನ ಕಸುಬು: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆತನಗಳ ಹಳೆಯ ಕೆಲಸ ಹುಡುಕುವ ಬಗೆ

ನಮ್ಮ ಮನೆತನದ ಅಡ್ಡಹೆಸರು ಸನದಿ. ಅಪ್ಪನ ಶಾಲೆಯ ಸರ್ಟಿಫಿಕೇಟಿನಲ್ಲಿ ಅದು ಇಂಗ್ಲಿಷಿನಲ್ಲಿದೆ. ಇಂಗ್ಲಿಷಿನಲ್ಲಿ ‘ಸನದಿ’ ಬರೆದರೂ ‘ಸನಾದಿ’ ಬರೆದರೂ ಅಕ್ಷರಗಳು ಒಂದೇ. ಸನಾದಿ ಅಂದರೆ ನಮ್ಮ ಕಡೆ ಮದುವೆ, ಜಾತ್ರೆಯಲ್ಲಿ ಊದುವ ಶಹನಾಯಿ. ಹಾಗಾಗಿ ನಮ್ಮ ಹಿರಿಯರು ಊದುವವರು ಅಂತ ನಾನೇ ತೀರ್ಮಾನ ಮಾಡಿಕೊಂಡೆ. ಎರಡು ವರ್ಷ ಸನಾದಿ ನುಡಿಸುವವರ ಮನೆಗಳಿಗೇ ಅಲೆದೆ. ಒಂದು ಎಳೆಯೂ ಕೂಡಲಿಲ್ಲ. ಕೊನೆಗೆ ಬೈಲಹೊಂಗಲ ತಾಲೂಕಿನ ಹಳ್ಳಿಯಲ್ಲಿರುವ ಅಪ್ಪನ ಕಾಕಾ ಒಂದೇ ಮಾತಿನಲ್ಲಿ ಗಂಟು ಬಿಚ್ಚಿದರು: “ಅಂವ ಊದಾಂವ ಅಲ್ಲೋ ತಮ್ಮಾ, ಊರ ಕಾಯಾಂವ.”

ಸನದಿ ಬಂದದ್ದು ಸನದು ಎಂಬ ಮಾತಿನಿಂದ. ಸನದು ಅಂದರೆ ಸರಕಾರ ಕೊಟ್ಟ ಹಕ್ಕಿನ ಕಾಗದ. ಊರಿನ ಕಾವಲು ಮಾಡಿ, ಕರೆ ಬಂದಾಗ ಆಯುಧ ಹಿಡಿದು ಹೋಗುವವರಿಗೆ ಸಂಬಳದ ಬದಲು ಹೊಲ ಬಿಟ್ಟುಕೊಡುತ್ತಿದ್ದರು. ಅವರನ್ನು ಶೇತಸನದಿ ಅನ್ನುತ್ತಿದ್ದರು. ಸಂಗೊಳ್ಳಿ ರಾಯಣ್ಣ ಕೂಡ ಶೇತಸನದಿಯೇ. ಇಂಥ ಹೊಲಗಳ ಮೇಲೆ ಬ್ರಿಟಿಷರು ಕೈ ಹಾಕಿದ್ದು 1829–30ರ ಅವನ ಬಂಡಾಯದ ಒಂದು ಮುಖ್ಯ ಕಾರಣ. ಒಂದು ದೀರ್ಘ ತಪ್ಪಿ ಓದಿದ್ದಕ್ಕೆ ನಾನು ಈ ಇತಿಹಾಸದಿಂದಲೇ ದೂರ ಉಳಿದಿದ್ದೆ.

ಅಡ್ಡಹೆಸರು ಸಿಕ್ಕಿತು ಅಂದರೆ ಉತ್ತರ ಸಿಕ್ಕಿತು ಅಂತ ಅಲ್ಲ. ಹುಡುಕಾಟ ಶುರುವಾಗುವುದೇ ಅಲ್ಲಿಂದ. ನಾನು ತಪ್ಪಿ ತಪ್ಪಿ ಕಲಿತ ದಾರಿಯನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಕಾಗದಕ್ಕಿಂತ ಮೊದಲು ಮನೆಯ ಹಿರಿಯರು

ಕಚೇರಿ, ಇಂಟರ್ನೆಟ್ ಎಲ್ಲ ಆಮೇಲೆ. ಮೊದಲು ಮನೆಯಲ್ಲಿರುವ ಅತಿ ಹಿರಿಯರ ಹತ್ತಿರ ಕೂತುಕೊಳ್ಳಿ. “ಮುತ್ಯಾ ಏನು ಕೆಲಸ ಮಾಡುತ್ತಿದ್ದ?” ಅಂತ ಕೇಳಬೇಡಿ. “ಒಕ್ಕಲುತನ” ಅಂತ ಒಂದೇ ಮಾತು ಹೇಳಿ ಮುಗಿಸುತ್ತಾರೆ. ಸಣ್ಣ ಸಣ್ಣ ಪ್ರಶ್ನೆ ಕೇಳಿ. ಕೈಯಲ್ಲಿ ಏನು ಹಿಡಿಯುತ್ತಿದ್ದ? ಯಾರ ಮನೆಗೆ ಹೋಗುತ್ತಿದ್ದ, ಯಾರು ಇವನ ಮನೆಗೆ ಬರುತ್ತಿದ್ದರು? ವಾರದಲ್ಲಿ ಯಾವ ಸಂತೆಗೆ ಹೋಗುತ್ತಿದ್ದ? ಊರ ಜಾತ್ರೆಯಲ್ಲಿ ನಮ್ಮ ಮನೆಯವರ ಪಾಲಿನ ಕೆಲಸ ಯಾವುದು? ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ತೇರಿಗೆ ಬೆಣೆ ಹಾಕುವವರು, ದೀವಟಿಗೆ ಹಿಡಿಯುವವರು, ಹೊಸ ಗಡಿಗೆ ಕೊಡುವವರು ಅಂತ ಮನೆತನಕ್ಕೊಂದು ಪಾಲು ಇರುತ್ತದೆ. ಕಸುಬು ಬಿಟ್ಟು ಮೂರು ತಲೆಮಾರಾದರೂ ಜಾತ್ರೆಯ ಪಾಲು ಹಾಗೇ ನಡೆದು ಬಂದಿರುತ್ತದೆ.

ಹಾಗೇ ಒಮ್ಮೆ ಅಟ್ಟ ಹತ್ತಿ ನೋಡಿ. ಬಾಚಿ, ಉಳಿ ಇದ್ದರೆ ಬಡಿಗತನ. ತಿದಿ, ಇಕ್ಕಳ ಇದ್ದರೆ ಕಮ್ಮಾರಿಕೆ. ಹಣಿಗೆ, ಲಾಳಿ ಇದ್ದರೆ ಮಗ್ಗ. ಸಣ್ಣ ತಕ್ಕಡಿ, ಗುಂಜಿ ತೂಕ ಇದ್ದರೆ ಪತ್ತಾರಿಕೆ (ಅಕ್ಕಸಾಲಿಯ ಕೆಲಸ) ಇಲ್ಲವೇ ಸರಾಫಿ. ತೊಳೆದು ಹೊಳೆಯುವ ಹಾಗೆ ಮಾಡಬೇಡಿ, ಇದ್ದ ಹಾಗೇ ಫೋಟೊ ತೆಗೆಯಿರಿ. ಹಿಡಿಕೆಯ ಮೇಲೆ ಕೈ ಸವೆದ ಗುರುತು ಇರುತ್ತದೆ, ಅದೂ ಬೇಕು.

ನಮ್ಮ ಕಡೆಗೆ ಇನ್ನೊಂದು ಭಾಗ್ಯ ಇದೆ: ಹೆಳವರು. ಎತ್ತಿನ ಮೇಲೆ ಕೂತು ಮನೆ ಮನೆಗೆ ಬಂದು ಮನೆತನದ ಹೆಸರುಗಳನ್ನು ತಲೆಮಾರಿನ ಲೆಕ್ಕದಲ್ಲಿ ಹೇಳುವವರು. ಅವರ ಬಾಯಲ್ಲಿ ಮೂಲ ಊರು, ಬೆಡಗು (ಕುಲದ ಕವಲು), ಮನೆದೇವರು, ಯಾವ ಬರದಲ್ಲಿ ಎಲ್ಲಿಂದ ಎದ್ದು ಬಂದರು ಅನ್ನುವುದೆಲ್ಲ ಬರುತ್ತದೆ. ಕೆಲವರ ಹತ್ತಿರ ಹಳೆಯ ಪುಸ್ತಕಗಳೂ ಇವೆ. ಬಂದಾಗ ಕಾಳು, ಬಟ್ಟೆ, ರೊಕ್ಕ ಕೊಟ್ಟು ಗೌರವದಿಂದ ಕೂರಿಸಿ, ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿಕೊಳ್ಳಿ. ಅದರಲ್ಲಿ ಹೊಗಳಿಕೆಯೂ ಬೆರೆತಿರುತ್ತದೆ. ಹೆಸರು ಮತ್ತು ಊರನ್ನು ಗಟ್ಟಿಯಾಗಿ ಹಿಡಿಯಿರಿ, ಉಳಿದದ್ದನ್ನು ಬೇರೆ ದಾಖಲೆಗೆ ಹಚ್ಚಿ ನೋಡಿ.

ಎರಡನೆಯ ಹೆಜ್ಜೆ: ಅಡ್ಡಹೆಸರು ಯಾವ ಜಾತಿಯದು ಅಲ್ಲ, ಯಾವ ಬಗೆಯದು

ಉತ್ತರ ಕರ್ನಾಟಕದ ಅಡ್ಡಹೆಸರುಗಳು ಒಂದು ಸಂತೆ ಇದ್ದ ಹಾಗೆ. ಎಲ್ಲ ಥರದವೂ ಇವೆ. ಬಡಿಗೇರ, ಕುಂಬಾರ, ಗಾಣಿಗೇರ, ಪತ್ತಾರ, ಅಂಬಿಗೇರ, ಮೇದಾರ ಇವು ಕೈಕಸುಬಿನವು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ, ತುಪ್ಪದ, ಉಪ್ಪಿನ ಇವು ಹೆಚ್ಚಾಗಿ ಮಾರಾಟದ ಸರಕಿನ ಸುತ್ತ ಹುಟ್ಟಿದವು. ಆದರೆ ಎಲ್ಲವೂ ಅಂಗಡಿಯಿಂದ ಬಂದವಲ್ಲ, ಕೆಲವು ಬರೀ ಅಡ್ಡಕರೆ. ಪಾಟೀಲ, ಕುಲಕರ್ಣಿ, ದೇಸಾಯಿ, ದೇಶಪಾಂಡೆ, ನಾಡಗೌಡ, ತಳವಾರ ಇವು ಹುದ್ದೆಗಳು. ಇನಾಮದಾರ ಅನ್ನುವುದು ಕೆಲಸವೇ ಅಲ್ಲ, ಭೂಮಿಯ ಹಕ್ಕು. ಜಮಖಂಡಿ, ಬಾಗೇವಾಡಿ ಅಂಥವು ಬಿಟ್ಟು ಬಂದ ಊರಿನ ಹೆಸರು.

ವಿಜಯಪುರದ ಪೇಟೆಯಲ್ಲಿ ಅಡ್ಡಾಡಿದರೆ ಪಾರ್ಸಿ, ಅರಬ್ಬಿ, ಉರ್ದು ಮೂಲದ ಕಸುಬಿನ ಹೆಸರುಗಳು ಕಾಲಿಗೆ ತೊಡರುವಷ್ಟು ಸಿಗುತ್ತವೆ. ಅತ್ತಾರ ಸುಗಂಧ ಮಾರುವವರು. ಬಾಗವಾನ ತೋಟ, ಹಣ್ಣು, ಕಾಯಿಪಲ್ಲೆಯವರು. ತಾಂಬೋಳಿ ವೀಳ್ಯದೆಲೆಯವರು. ನದಾಫ ಹತ್ತಿ ಹಿಂಜುವವರು. ನಾಲಬಂದ ಎತ್ತು, ಕುದುರೆಗೆ ಲಾಳ ಕಟ್ಟುವವರು. ಶಿಕಲಗಾರ ಕತ್ತಿ, ಚಾಕು ಮಸೆಯುವವರು. ಪಖಾಲಿ ಚರ್ಮದ ಚೀಲದಲ್ಲಿ ನೀರು ಹೊರುವವರು. ನಗಾರ್ಚಿ ನಗಾರಿ ಬಾರಿಸುವವರು. ಆದಿಲಶಾಹಿ 1686ಕ್ಕೇ ಮುಗಿಯಿತು, ಅಲ್ವಾ? ಆ ಕಾಲದ ಕೆಲಸದ ಮಾತುಗಳು ಇನ್ನೂ ರೇಷನ್ ಕಾರ್ಡಿನಲ್ಲಿವೆ. ಆದರೆ ಈ ಮಾತುಗಳು ಆಮೇಲೂ ಬಳಕೆಯಲ್ಲಿದ್ದವು. ಹೆಸರು ಹಳೆಯದು ಅಂದ ಮಾತ್ರಕ್ಕೆ ನಿಮ್ಮ ಮನೆತನ ಆದಿಲಶಾಹಿ ಕಾಲದ್ದು ಅಂತ ಬರೆದುಬಿಡಬೇಡಿ.

ಒಂದೇ ಅಡ್ಡಹೆಸರು ಹಲವು ಸಮುದಾಯಗಳಲ್ಲಿ ಇರುತ್ತದೆ. ಪಾಟೀಲರು ಲಿಂಗಾಯತರಲ್ಲಿದ್ದಾರೆ, ಜೈನರಲ್ಲಿದ್ದಾರೆ, ಮರಾಠರಲ್ಲಿದ್ದಾರೆ, ಮುಸಲ್ಮಾನರಲ್ಲೂ ಇದ್ದಾರೆ. ಹುದ್ದೆ ಒಂದೇ, ನೆಂಟಸ್ತಿಕೆ ಇಲ್ಲ. ಹಾಗೇ ಒಬ್ಬನೇ ಮನುಷ್ಯನಿಗೆ ಒಂದು ಕಾಗದದಲ್ಲಿ ಕಸುಬಿನ ಹೆಸರು, ಇನ್ನೊಂದರಲ್ಲಿ ಊರಿನ ಹೆಸರು ಇರಬಹುದು. ಶಾಲೆ, ಪಲ್ಟಣ, ಕಚೇರಿಗಳು ಬಂದ ಮೇಲೆ ಅಡ್ಡಹೆಸರು ಗಟ್ಟಿಯಾಯಿತು. ಅಣ್ಣತಮ್ಮಂದಿರಿಗೇ ಎರಡು ಅಡ್ಡಹೆಸರು ಬಿದ್ದ ಮನೆಗಳನ್ನು ನಾನು ನೋಡಿದ್ದೇನೆ.

ಇನ್ನು ಕೆಲವು ಹೆಸರುಗಳ ಅರ್ಥ ಮೇಲ್ನೋಟಕ್ಕೆ ಕಾಣುವುದಿಲ್ಲ. ವಾಲೀಕಾರ ಅಂದರೆ ಓಲೆಕಾರ, ಓಲೆ ಒಯ್ಯುವವ. ನಮ್ಮ ಮಾತಿನಲ್ಲಿ ‘ಓ’ ಹೋಗಿ ‘ವಾ’ ಆಗಿದೆ. ಹಡಪ ಅಂದರೆ ಚೀಲ. ಎಲೆ ಅಡಿಕೆ ಇಡುವ ಚೀಲವೂ ಹಡಪ, ಕ್ಷೌರದ ಸಾಮಾನಿನ ಚೀಲವೂ ಹಡಪ. ಬಸವಣ್ಣನವರ ಜೊತೆಗಿದ್ದ ಹಡಪದ ಅಪ್ಪಣ್ಣನವರ ಹೆಸರಿನಲ್ಲಿ ಇರುವುದು ಅದೇ ಮಾತು. ಸಂದೇಹ ಬಂದ ಹೆಸರನ್ನು ಕನ್ನಡ, ಮರಾಠಿ ಎರಡೂ ಲಿಪಿಯಲ್ಲಿ ಬರೆದು, ಬಾಯಿಬಿಟ್ಟು ಓದಿ ನೋಡಿ. ಇಂಗ್ಲಿಷ್ ಸ್ಪೆಲಿಂಗ್ ಮೇಲೆ ಮಾತ್ರ ಎಂದೂ ನಂಬಿಕೆ ಇಡಬೇಡಿ.

ಮೂರನೆಯ ಹೆಜ್ಜೆ: ಕೂಲಿ ಹೇಗೆ ಬರುತ್ತಿತ್ತು?

ಇಡೀ ಹುಡುಕಾಟದ ಕೀಲಿ ಇದು ಅಂತ ನನ್ನ ಅನುಭವ. ಏನು ಕೆಲಸ ಮಾಡುತ್ತಿದ್ದರು ಅನ್ನುವುದಕ್ಕಿಂತ ಅದಕ್ಕೆ ಏನು ಸಿಗುತ್ತಿತ್ತು ಅಂತ ಕೇಳಿದರೆ ಯಾವ ಕಾಗದ ಹುಡುಕಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ.

ಆಯ ಬರುತ್ತಿತ್ತು ಅಂದರೆ ಅವರು ಊರಿನ ಆಯಗಾರರು. ಬಡಿಗೇರ ವರ್ಷವಿಡೀ ಒಕ್ಕಲಿಗರ ಕೂರಿಗೆ, ಕುಂಟೆ, ರಂಟೆ ಸರಿಮಾಡಿ ಕೊಡುತ್ತಿದ್ದ. ಕಮ್ಮಾರ ಕುಡ ಬಡಿದು ಕೊಡುತ್ತಿದ್ದ. ಅಗಸರು, ಹಡಪದವರು, ಕುಂಬಾರರು, ಸಮಗಾರರು ತಮ್ಮ ತಮ್ಮ ಪಾಲಿನ ಕೆಲಸ ಮಾಡುತ್ತಿದ್ದರು. ಆಗ ರೊಕ್ಕದ ಮಾತಿಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ಇಂತಿಷ್ಟು ಸಿವುಡು, ಇಂತಿಷ್ಟು ಜೋಳ. ಮರಾಠಿ ಕಾಗದಗಳಲ್ಲಿ ಇದೇ ಬಲುತೆ, ಇವರೇ ಬಲುತೇದಾರರು. ಯಾವ ಮನೆ ಯಾವ ಒಕ್ಕಲಿಗೆ ಸೇರಿದ್ದು ಅನ್ನುವುದು ತಲೆಮಾರಿನಿಂದ ನಡೆದು ಬಂದದ್ದು. ಹಾಗಾಗಿ ನಿಮ್ಮ ಹಿರಿಯರು ಆಯಗಾರರಾಗಿದ್ದರೆ, ಅವರು ದುಡಿದ ಒಕ್ಕಲಿಗರ ಮನೆಗೆ ಹೋಗಿ ಕೇಳಿ. ನಿಮ್ಮ ಮನೆಯಲ್ಲಿ ಮರೆತ ಹೆಸರು ಅವರ ಮನೆಯ ಮುದುಕಿಗೆ ನೆನಪಿರುತ್ತದೆ.

ಹೊಲ ಇತ್ತು ಅಂದರೆ ವತನ (ಊರ ಚಾಕರಿಗೆ ವಂಶಪಾರಂಪರ್ಯವಾಗಿ ಬಿಟ್ಟದ್ದು) ಅಥವಾ ಇನಾಮು. ಆಗ ಕಾಗದ ಖಂಡಿತ ಹುಟ್ಟಿರುತ್ತದೆ. 1852ರ ಕಾಯ್ದೆಯಿಂದ ಇನಾಮ್ ಕಮಿಷನ್ ಹಳೆಯ ಹಕ್ಕುಗಳ ತನಿಖೆ ನಡೆಸಿತು. ಆಗ ಮನೆತನಗಳು ತಮ್ಮ ಸನದು, ಹಳೆಯ ಕಾಗದ ತೋರಿಸಬೇಕಾಯಿತು. 1874ರ ಮುಂಬೈ ವತನ ಕಾಯ್ದೆ ಬಂದ ಮೇಲೆ ವಾರಸಾ ತಕರಾರು ಎದ್ದಾಗಲೆಲ್ಲ ವಂಶಾವಳಿ ಬರೆದು ಕೊಡುತ್ತಿದ್ದರು. ಜಗಳವಾಡಿದ ಮನೆತನದ ಇತಿಹಾಸ ಸುಲಭವಾಗಿ ಸಿಗುವುದು ಇದೇ ಕಾರಣಕ್ಕೆ! ನಮ್ಮ ಮನೆಯ ಗಂಟು ಪೂರ್ತಿ ಬಿಚ್ಚಿದ್ದೂ ಇಲ್ಲೇ. ಕೈಬರಹದ ಹಳೆಯ ಉತಾರದ (ಹೊಲದ ದಾಖಲೆಯ) ನಕಲು ತೆಗೆಸಿದಾಗ ಹೊಲದ ಮುಂದೆ ‘ಸನದಿ ಇನಾಮು’ ಅಂತ ಇತ್ತು. ‘ನ’ಕ್ಕೆ ದೀರ್ಘ ಇರಲಿಲ್ಲ. ಆ ಅಕ್ಷರದ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಿದ್ದೆ.

ವತನ ಅಂದ ಕೂಡಲೇ ಮರ್ಯಾದೆಯ ಹುದ್ದೆ ಅಂದುಕೊಳ್ಳಬೇಡಿ. ಊರ ಕೆಳಗಿನ ಚಾಕರಿಗಳಿಗೂ ವತನ ಇತ್ತು. ಕಾಗದದಲ್ಲಿ ‘ವತನದಾರ’ ಅಂತ ಇದ್ದರೂ ನಿಜದಲ್ಲಿ ಅದು ಹಗಲು ರಾತ್ರಿ ಬಿಟ್ಟಿ ದುಡಿತ ಆಗಿರಬಹುದು. ಕರ್ನಾಟಕದಲ್ಲಿ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಬರುವವರೆಗೂ ಇಂಥ ವಂಶಪಾರಂಪರ್ಯ ಹುದ್ದೆಗಳು ಉಳಿದಿದ್ದವು. ಆ ದುಡಿತ ಕಂಡವರು ಇನ್ನೂ ಇದ್ದಾರೆ. ಅವರ ಹತ್ತಿರ ಕೇಳುವಾಗ ಮೆಲ್ಲಗೆ ಕೇಳಿ, ಹೇಳಲು ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ.

ರೊಕ್ಕ ಬರುತ್ತಿತ್ತು ಅಂದರೆ ಪೇಟೆಯ ಕಡೆ ತಿರುಗಿ. ಅಡತಿ ಅಂಗಡಿ, ಸಾಹುಕಾರರ ಮನೆಯ ಕಿರ್ದಿ, ಖತಾವಣಿ ಅನ್ನುವ ಲೆಕ್ಕದ ಪುಸ್ತಕ ನೋಡಬೇಕು. ಬೈಲಹೊಂಗಲದ ಹತ್ತಿ ಪೇಟೆ, ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿಯ ನೂಲಿನ ವ್ಯಾಪಾರ ಎಲ್ಲ ಇಂಥ ಪುಸ್ತಕಗಳಲ್ಲೇ ನಡೆದದ್ದು. ಲಕ್ಷ್ಮೀಪೂಜೆಗೆ ಇಟ್ಟು ಪೂಜಿಸಿದ ಪುಸ್ತಕ ಅಂತ ಕೆಲವರು ಹೊರಗೆ ತೆಗೆಯುವುದಿಲ್ಲ. ಪುಸ್ತಕ ಕೊಡಿ ಅನ್ನಬೇಡಿ, ಅಲ್ಲೇ ಕೂತು ಓದುತ್ತೇನೆ ಅನ್ನಿ.

ಪಗಾರ ಬರುತ್ತಿತ್ತು ಅಂದರೆ ಗಿರಣಿ, ರೈಲು, ಪಲ್ಟಣ. ಗೋಕಾಕ ಫಾಲ್ಸಿನ ನೂಲಿನ ಗಿರಣಿ ಶುರುವಾದದ್ದು 1880ರ ದಶಕದಲ್ಲಿ. ಹೊಟಗಿ–ಗದಗ ರೈಲು ಬಂದದ್ದೂ ಅದೇ ದಶಕದಲ್ಲಿ. ಬೆಳಗಾವಿ ಕ್ಯಾಂಪಿನಲ್ಲಿ ಸಿಪಾಯಿಗಳ ಜೊತೆಗೆ ದರ್ಜಿ, ಮೋಚಿ, ನೀರು ಹೊರುವ ಭಿಸ್ತಿ, ಬೇಕರಿಯವರು, ಕಂತ್ರಾಟದಾರರು ಬದುಕು ಕಟ್ಟಿಕೊಂಡರು. ಇಂಥವರ ಮನೆಯಲ್ಲಿ ಪೆನ್ಶನ್ ಪುಸ್ತಕ, ಬಿಲ್ಲೆ, ಪಾಸು ಏನಾದರೂ ಒಂದು ಉಳಿದಿರುತ್ತದೆ.

ನಾಲ್ಕನೆಯ ಹೆಜ್ಜೆ: ಆಗ ನಿಮ್ಮ ಊರು ಯಾರ ಕೈಯಲ್ಲಿತ್ತು?

ಇವತ್ತಿನ ಜಿಲ್ಲೆಯ ನಕಾಶೆ ಹಿಡಿದು ಹೋದರೆ ಬರಿಗೈಯಲ್ಲಿ ವಾಪಸು ಬರುತ್ತೀರಿ. ಬಾಗಲಕೋಟೆ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೂ ಮೊದಲು ಬಿಜಾಪುರ ಜಿಲ್ಲೆ. ಇನ್ನೂ ಹಿಂದೆ, 1880ರ ದಶಕದ ಮಧ್ಯದವರೆಗೆ ಅದು ಕಲಾದಗಿ ಜಿಲ್ಲೆ. ಜಮಖಂಡಿ, ಮುಧೋಳ, ರಾಮದುರ್ಗ ಸ್ವಂತ ಸಂಸ್ಥಾನಗಳು. ತೇರದಾಳ ಸಾಂಗ್ಲಿ ಸಂಸ್ಥಾನದ್ದು. ಬೆಳಗಾವಿಗೆ ಅಂಟಿಕೊಂಡಿರುವ ಶಹಾಪುರವೂ ಸಾಂಗ್ಲಿಯದೇ. ಬೆಳಗಾವಿ ಖಡೇಬಜಾರದ ಅಜ್ಜನ ಕಾಗದ ಒಂದು ಸರಕಾರದ್ದು, ಸ್ವಲ್ಪ ದೂರದ ಶಹಾಪುರದ ಸರಾಫ ಗಲ್ಲಿಯ ಅಜ್ಜನದು ಇನ್ನೊಂದು ದರಬಾರಿನದು! 1948ರಲ್ಲಿ ಸಂಸ್ಥಾನಗಳು ಮುಂಬೈ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಹಾಗಾಗಿ ಹಳೆಯ ಕಾಗದಗಳು ಪುಣೆಯ ಪೇಶ್ವೆ ದಫ್ತರ, ಮುಂಬೈ, ಕೊಲ್ಹಾಪುರದ ಪತ್ರಾಗಾರಗಳಲ್ಲಿಯೂ ಇರುತ್ತವೆ.

ಗಲ್ಲಿಯ ಹೆಸರನ್ನೂ ಬರೆದುಕೊಳ್ಳಿ. ಬೆಳಗಾವಿಯ ಭೋವಿ ಗಲ್ಲಿ, ಮಾಳಿ ಗಲ್ಲಿ, ಗೋಂಧಳಿ ಗಲ್ಲಿ, ಕಸಾಯಿ ಗಲ್ಲಿ ಸುಮ್ನೆ ಬಂದ ಹೆಸರುಗಳಲ್ಲ. ಸಿಟಿ ಸರ್ವೆಯ ಉತಾರ ತೆಗೆಸಿದರೆ ಆ ಮನೆ ಯಾರಿಂದ ಯಾರಿಗೆ ಹೋಯಿತು ಅಂತ ಸಿಗುತ್ತದೆ. ಹಳೆ ಬಾಗಲಕೋಟೆಯವರ ಕಷ್ಟ ಬೇರೆ. ಆಲಮಟ್ಟಿಯ ಹಿನ್ನೀರಿನಲ್ಲಿ ಗಲ್ಲಿಗಳೇ ಹೋದವು. ಆದರೆ ಮುಳುಗಡೆಯ ಪರಿಹಾರಕ್ಕಾಗಿ ಮನೆ, ಖುಲ್ಲಾ ಜಾಗ, ಬಾವಿ, ಗಿಡ ಎಲ್ಲ ಲೆಕ್ಕ ಹಾಕಿ ಬರೆದಿದ್ದಾರೆ. ಆ ಭೂಸ್ವಾಧೀನದ ಕಾಗದವನ್ನು ಬರೀ ಪರಿಹಾರದ ಕಾಗದ ಅಂತ ಎಸೆಯಬೇಡಿ. ಅಂಗಳದಲ್ಲಿ ಗಾಣದ ಕಲ್ಲು, ನಡುಮನೆಯಲ್ಲಿ ಮಗ್ಗದ ಕುಣಿ ಇತ್ತು ಅನ್ನುವುದಕ್ಕೆ ಅದೇ ಕೊನೆಯ ಸಾಕ್ಷಿ ಆಗಬಹುದು.

ಐದನೆಯ ಹೆಜ್ಜೆ: ಓದುವುದು

ಸುಲಭದ್ದರಿಂದ ಶುರು ಮಾಡಿ. ಶಾಲೆಯ ಹಳೆಯ ದಾಖಲಾತಿ ರಜಿಸ್ಟರ್, ಊರಿನ ಜನನ-ಮರಣದ ರಜಿಸ್ಟರ್, ಕೈಬರಹದ ಪಹಣಿ. ಅರ್ಜಿ ಕೊಟ್ಟು ನಕಲು ಪಡೆಯಿರಿ. ‘ಇಲ್ಲ’ ಅಂದರೆ ಹೆಸರು ಬಿಟ್ಟು ವರ್ಷ ಹೇಳಿ ಇನ್ನೊಮ್ಮೆ ಕೇಳಿ. ಒಂದು ಕಚೇರಿಯಲ್ಲಿ ನನಗೆ ಎರಡು ಸಲ ಇಲ್ಲ ಅಂದಿದ್ದ ಪುಸ್ತಕ ಮೂರನೆಯ ಸಲ ಬೇರೆ ಕಪಾಟಿನಲ್ಲಿ ಸಿಕ್ಕಿತು. ಜನಗಣತಿಯಲ್ಲಿ ಅಜ್ಜನ ಹೆಸರು ಸಿಗಬಹುದು ಅಂತ ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ಸಿಗುವುದು ಜಿಲ್ಲೆಯಲ್ಲಿ ಇಂಥ ಕಸುಬಿನವರು ಇಷ್ಟು ಮಂದಿ ಅನ್ನುವ ಲೆಕ್ಕ ಮಾತ್ರ.

ಹಳೆಯ ಕಾಗದಗಳಲ್ಲಿ ಮೋಡಿ ಲಿಪಿ ಎದುರಾಗುತ್ತದೆ. ಮರಾಠಿಯನ್ನು ಬೇಗ ಬೇಗ ಬರೆಯಲು ಬಳಸಿದ ಲಿಪಿ ಅದು. ಮೊದಲು ಉದ್ದಕ್ಕೆ ಒಂದು ಗೆರೆ ಎಳೆದು ಅದರ ಕೆಳಗೆ ಕೈ ಎತ್ತದೆ ಬರೆಯುತ್ತಾರೆ. ಪದಗಳ ನಡುವೆ ಜಾಗ ಇಲ್ಲ, ಇಕಾರ ಉಕಾರಕ್ಕೆ ಹ್ರಸ್ವ ದೀರ್ಘದ ಭೇದ ಇಲ್ಲ. ಪೂರ್ತಿ ಕಲಿಯಲು ಆಗದಿದ್ದರೂ ನಿಮ್ಮ ಊರು, ಅಡ್ಡಹೆಸರು, ಕಸುಬು ಈ ಮೂರು ಪದ ಮೋಡಿಯಲ್ಲಿ ಹೇಗೆ ಕಾಣುತ್ತವೆ ಅಂತ ಬಲ್ಲವರಿಂದ ಬರೆಸಿಟ್ಟುಕೊಳ್ಳಿ. ಪುಟ ತಿರುವುವಾಗ ಕಣ್ಣು ತಾನೇ ಹಿಡಿಯುತ್ತದೆ.

ತಾರೀಖಿನಲ್ಲಿ ಮೋಸ ಹೋಗಬೇಡಿ. ಇವತ್ತಿನ ಇಸವಿ ತಿಳಿಯಲು, ಶಕೆ ಇದ್ದರೆ 78 ಕೂಡಿಸಿ, ಶಕೆ 1750 ಅಂದರೆ 1828. ಫಸಲಿ ಇದ್ದರೆ 590 ಕೂಡಿಸಿ. ಆದಿಲಶಾಹಿ, ಮರಾಠಾ ಕಾಗದಗಳ ಸುಹೂರ ಸನ್ ಇದ್ದರೆ 599 ಅಥವಾ 600.

ಪದದ ಅರ್ಥಕ್ಕೆ ಇವತ್ತಿನ ನಿಘಂಟು ಸಾಲದು. ಕಂದಾಯ, ಕೋರ್ಟಿನ ಮಾತುಗಳಿಗೆ ವಿಲ್ಸನ್ 1855ರಲ್ಲಿ ಮಾಡಿದ ಪದಕೋಶ, ಕನ್ನಡಕ್ಕೆ 1894ರ ಕಿಟೆಲ್, ಮರಾಠಿಗೆ ಮೋಲ್ಸ್‌ವರ್ಥ್ ಇವು ಮೂರೂ ಕೈಗೆಟುಕುವ ಹಾಗಿರಲಿ. 1884ರಲ್ಲಿ ಬೆಳಗಾವಿಗೆ ಒಂದು, ಬಿಜಾಪುರಕ್ಕೆ ಒಂದು ಗ್ಯಾಜೆಟಿಯರ್ ಅಚ್ಚಾದವು. ಯಾವ ಕಸುಬಿನವರು ಏನು ಮಾಡುತ್ತಿದ್ದರು, ಏನು ದುಡಿಯುತ್ತಿದ್ದರು ಅಂತ ಅವುಗಳಲ್ಲಿ ವಿವರವಾಗಿ ಇದೆ. ಆದರೆ ಯಾವ ಜನ ಕೊಳಕು, ಯಾವ ಜನ ಸೋಮಾರಿ ಅಂತೆಲ್ಲ ಸಾಹೇಬರು ಷರಾ ಬರೆದಿದ್ದಾರೆ. ಹತಾರ, ಕೂಲಿ, ಬೆಲೆಯ ಮಾತು ತಗೊಳ್ಳಿ. ಷರಾ ಅಲ್ಲೇ ಬಿಡಿ.

ಆರನೆಯ ಹೆಜ್ಜೆ: ಹೆಸರು ನಿಂತಿತು, ಕೆಲಸ ಬದಲಾಯಿತು

ಜೀನಗಾರ ಅಂದರೆ ಕುದುರೆಯ ಜೀನು ಮಾಡುವವರು. ಕುದುರೆ ದಳಗಳು ಹೋದವು, ಜೀನಿಗೆ ಗಿರಾಕಿ ಇಲ್ಲ. ಗೋಕಾಕದ ಜೀನಗಾರರ ಕೈಯಲ್ಲಿ ಮರದ ಹಣ್ಣು, ಗೊಂಬೆಗಳು ಅರಳಿದವು. ಇವತ್ತು ಗೋಕಾಕದ ಗೊಂಬೆ ಅಂದರೆ ಅವರದೇ ಕೈಕೆಲಸ. ಉಪ್ಪಾರರ ಹೆಸರಿನಲ್ಲಿ ಉಪ್ಪಿದೆ, ಆದರೆ ಅಜ್ಜಂದಿರ ಕಾಲಕ್ಕೇ ಹಲವರು ಗೋಡೆ, ಸುಣ್ಣ, ಮಣ್ಣಿನ ಕೆಲಸಕ್ಕೆ ಇಳಿದಿದ್ದರು. ನೀಲಗಾರರು ನೂಲಿಗೆ ನೀಲಿ ಹಾಕುವವರು. 1897ರಿಂದ ಕಾರ್ಖಾನೆಯ ನೀಲಿ ಮಾರುಕಟ್ಟೆಗೆ ಬಂತು, ಗಿಡದ ನೀಲಿಯ ಹರವಿಗಳು ಒಂದೊಂದಾಗಿ ಒಣಗಿದವು.

ನಿಮ್ಮ ಮನೆತನದ ಕಸುಬು ಯಾವಾಗ ತಿರುಗಿತು ಅಂತ ಹುಡುಕುವಾಗ ಈ ವರ್ಷಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ. 1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. 1861ರಿಂದ 65ರವರೆಗೆ ಅಮೆರಿಕದ ಯುದ್ಧದಿಂದ ಹತ್ತಿಯ ಬೆಲೆ ಏರಿತು. 1876–78ರ ದೊಡ್ಡ ಬರದಲ್ಲಿ ಕಲಾದಗಿ ಜಿಲ್ಲೆ ನರಳಿತು. ಬರದಲ್ಲಿ ಒಕ್ಕಲಿಗನ ಕೈ ಖಾಲಿ ಆದರೆ ಮೊದಲು ನಿಲ್ಲುವುದು ಸೀರೆ ಕೊಳ್ಳುವುದು. ಹಾಗಾಗಿ ಹೊಲ ಇಲ್ಲದ ನೇಕಾರನ ಮನೆಗೆ ಎಲ್ಲರಿಗಿಂತ ಮೊದಲು ಹಸಿವು ಬರುತ್ತದೆ. ಮನೆಯಲ್ಲಿ “ನಾವು ಸೊಲ್ಲಾಪುರಕ್ಕೆ ಹೋಗಿ ಬಂದವರು” ಅನ್ನುವ ಮಾತಿದ್ದರೆ ಅದು ಗಿರಣಿಯ ಕಥೆ ಇರಬಹುದು, ಬೆನ್ನು ಹತ್ತಿ.

ಕೊನೆಯ ಹೆಜ್ಜೆ: ಬರೆದಿಡುವುದು

ಪ್ರತಿ ಹಿರಿಯರಿಗೂ ಒಂದು ಹಾಳೆ. ಹೆಸರು, ಊರು, ಆಗಿನ ಸರಕಾರ, ಕಾಗದದಲ್ಲಿ ಇದ್ದ ಪದ ಇದ್ದ ಹಾಗೆ, ಅದರ ಅರ್ಥ, ಕೂಲಿಯ ಬಗೆ, ಹತಾರ, ಯಾರು ಹೇಳಿದರು. ಕಾಗದದ ಪದವನ್ನು ನೀವು ತಿದ್ದಬೇಡಿ. ಬದುಕಿರುವವರ ಜಾತಿ, ಜಮೀನಿನ ವಿವರವನ್ನು ಅವರನ್ನು ಕೇಳದೆ ಎಲ್ಲೂ ಹಾಕಬೇಡಿ.

ಹೆಣ್ಣುಮಕ್ಕಳಿಗೂ ಬೇರೆಯೇ ಹಾಳೆ ಇರಲಿ. ನೇಕಾರ ಅನ್ನುವ ಒಂದು ಪದದೊಳಗೆ ಎಷ್ಟು ಕೆಲಸ ಇವೆ ನೋಡಿ. ನೂಲಿಗೆ ಬಣ್ಣ ಹಾಕಬೇಕು, ಲಾಳಿಯೊಳಗೆ ಕೂರುವ ಕಂಡಿಕೆಗೆ ನೂಲು ಸುತ್ತಬೇಕು, ಹಾಸು ಹೂಡಬೇಕು, ಹಣಿಗೆಯಲ್ಲಿ ಎಳೆ ತುಂಬಬೇಕು. ಇಳಕಲ್ಲ ಸೀರೆಯಾದರೆ ಒಡಲಿನ ಎಳೆಗೆ ಸೆರಗಿನ ಎಳೆ ಕೂಡಿಸಿ ಕೊಂಡಿ ಹಾಕಬೇಕು. ರಜಿಸ್ಟರಿನಲ್ಲಿ ಗಂಡಸಿನ ಮುಂದೆ ಮಾತ್ರ ‘ನೇಕಾರ’. ನನ್ನ ತಾಯಿಯ ತಾಯಿ ಗುಳೇದಗುಡ್ಡದವರು. ಖಣ ನೇಯುವ ಮನೆ. ಯಾವ ಕಾಗದದಲ್ಲೂ ಅವರ ಕೆಲಸ ಇಲ್ಲ. ಹೋದ ವರ್ಷ ಒಂದು ಹಳೆಯ ಲಾಳಿ ತಗೊಂಡು ಹೋಗಿ ಅವರ ಕೈಗೆ ಕೊಟ್ಟೆ. ನೋಡಲಿಲ್ಲ, ಮಾತಾಡಲಿಲ್ಲ. ಹೆಬ್ಬೆರಳಿನಿಂದ ಲಾಳಿಯ ಹೊಟ್ಟೆ ತಡವಿ “ಕಂಡಿಕಿ ಎಲ್ಲೈತಿ?” ಅಂದರು. ಅವರ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: ಕಸುಬು, ಕಂಡಿಕೆ ಸುತ್ತುವುದು. ಶುರು ಮಾಡಿದ್ದು, ಏಳನೆಯ ವಯಸ್ಸಿಗೆ. ಕೂಲಿ, ಇಲ್ಲ. ಹೇಳಿದವರು, ಅವರೇ.